ಕೆಂಪಂಗಿಯ ಸೋಜರ

ಬೆಂಗಳೂರಿನ ದಂಡಿನಲ್ಲಿ, ಬಳ್ಳಾರಿ ಬೆಳಗಾವಿಗಳ ಕಂಟೋನ್ಮೆಂಟುಗಳಲ್ಲಿ ಒಂದು ಕಾಲಕ್ಕೆ ‘ಸೋಜರ’ ಎಂಬ ಮಾತು ಎಲ್ಲರಿಗೂ ಪರಿಚಿತವಾಗಿತ್ತು. ಇಂಗ್ಲಿಷಿನ ‘ಸೋಲ್ಜರ್’ ಎಂಬ ಶಬ್ದ ನಮ್ಮ ಜನರ ನಾಲಗೆಯ ಮೇಲೆ ಹೊರಳಿ ಸೋಜರನಾಯಿತು. ಕೆಂಪು ಅಂಗಿ, ಕೆಂಪು ಮೋರೆ, ಹೆಗಲ ಮೇಲೆ ಕೋವಿ. ಅವನು ಎದುರಿಗೆ ಬಂದರೆ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರು. ನಮ್ಮ ಕಣ್ಣಿಗೆ ಅವನು ಆಳುವ ಜನಾಂಗದ ಮನುಷ್ಯ. ಆದರೆ ಅವನ ಸ್ವಂತ ದೇಶದಲ್ಲಿ ಅವನ ಸ್ಥಾನವೇನಿತ್ತು? ಅವನು ಯಾವ ಮನೆಯಿಂದ ಬಂದವನು, ಏನು ತಿನ್ನುತ್ತಿದ್ದ, ಅವನ ಹೆಂಡತಿ ಮಕ್ಕಳು ಎಲ್ಲಿದ್ದರು, ಸತ್ತರೆ ಅವನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಿದ್ದರು? ಬ್ರಿಟಿಷರ ಯುದ್ಧಗಳ ಚರಿತ್ರೆಯನ್ನು ಈ ಕಡೆಯಿಂದ ನೋಡುವುದು ಅಪರೂಪ. ಮಾರ್ಲ್‌ಬರೊ, ವೆಲಿಂಗ್ಟನ್ ಮೊದಲಾದ ಸೇನಾಪತಿಗಳ ಹೆಸರು ನಿಮಗೆ ಗೊತ್ತು. ಅವರ ಹಿಂದೆ ನಡೆದ ಹೆಸರಿಲ್ಲದ ಸೋಜರನನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಕೆಂಪು ಅಂಗಿಯ ಕಥೆ ಆರಂಭವಾಗುವುದು 1645ರಲ್ಲಿ. ಆಗ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು. ಪಾರ್ಲಿಮೆಂಟು ಹೊಸದಾಗಿ ಕಟ್ಟಿದ ಸೈನ್ಯಕ್ಕೆ ಕೆಂಪು ಬಟ್ಟೆಯ ಅಂಗಿಯನ್ನು ಕೊಟ್ಟಿತು. ಕೆಂಪು ಬಣ್ಣ ಅಗ್ಗವಾಗಿ ಸಿಗುತ್ತಿದ್ದದ್ದೇ ಅದಕ್ಕೆ ಮುಖ್ಯ ಕಾರಣ. ಆ ಸೈನ್ಯ ರಾಜನನ್ನು ಸೋಲಿಸಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನನ್ನು ಹುಟ್ಟಿಸಿದ ಪಾರ್ಲಿಮೆಂಟನ್ನೇ ಅದು ಹೊರಗೆ ಅಟ್ಟಿತು. 1655ರಿಂದ ಎರಡು ವರ್ಷ ಕ್ರಾಂವೆಲ್ಲನ ಸೇನಾಧಿಕಾರಿಗಳು ದೇಶವನ್ನು ಜಿಲ್ಲೆಗಳಾಗಿ ಹಂಚಿಕೊಂಡು ಆಳಿದರು. ಈ ಅನುಭವವನ್ನು ಇಂಗ್ಲಿಷ್ ಜನ ಮರೆಯಲಿಲ್ಲ. 1660ರಲ್ಲಿ ರಾಜತ್ವ ಮರಳಿ ಬಂತು, ಮರುವರ್ಷ ಒಂದು ಸಣ್ಣ ಸ್ಥಿರ ಸೈನ್ಯವೂ ನೆಲೆನಿಂತಿತು. ಆದರೆ ಆ ಸೈನ್ಯವನ್ನು ಕಂಡು ಜನ ಹಿಗ್ಗಲಿಲ್ಲ, ಸಂಶಯದಿಂದ ನೋಡಿದರು.

ಈ ಸಂಶಯವೇ 1689ರಲ್ಲಿ ಶಾಸನವಾಯಿತು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಶಾಂತಿಕಾಲದಲ್ಲಿ ಸೈನ್ಯವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ಹಕ್ಕುಗಳ ಘೋಷಣೆ ಸಾರಿತು. ಸೈನ್ಯದ ಶಿಸ್ತಿನ ಕಾನೂನನ್ನು ಪಾರ್ಲಿಮೆಂಟು ಒಂದೊಂದು ವರ್ಷದ ಮಟ್ಟಿಗೆ ಮಾತ್ರ ಮಂಜೂರು ಮಾಡತೊಡಗಿತು. ಆ ಪದ್ಧತಿ ರೂಪ ಬದಲಿಸಿಕೊಂಡು ಇಂದಿಗೂ ಉಳಿದಿದೆ. ಬ್ರಿಟನ್ನಿನ ನೌಕಾಪಡೆ ‘ರಾಯಲ್ ನೇವಿ’, ವಾಯುಪಡೆ ‘ರಾಯಲ್ ಏರ್‌ಫೋರ್ಸ್’. ಭೂಸೇನೆ ಮಾತ್ರ ಬರಿಯ ‘ಬ್ರಿಟಿಷ್ ಆರ್ಮಿ’. ಪ್ರಜೆಗಳ ಸ್ವಾತಂತ್ರ್ಯದ ದೃಷ್ಟಿಯಿಂದ ಇದೆಲ್ಲ ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಇದರ ಬೆಲೆಯನ್ನು ತೆತ್ತವನು ಬಡ ಸೋಜರ. ದೇಶಕ್ಕೆ ಅವನು ಬೇಕು, ಆದರೆ ಅವನ ಮೇಲೆ ಪ್ರೀತಿಯಿಲ್ಲ. ಯುದ್ಧ ಬಂದಾಗ ಅವನನ್ನು ಕರೆಯುವುದು, ಮುಗಿದ ಮೇಲೆ ಬೀದಿಗೆ ಬಿಡುವುದು, ಇದೇ ಒಂದೂವರೆ ಶತಮಾನದ ನೀತಿಯಾಗಿತ್ತು.

ಜನರ ಅಪ್ರೀತಿಗೆ ಇನ್ನೊಂದು ಕಾರಣವೂ ಇತ್ತು. ಲಂಡನ್ನಿನಲ್ಲಿ ಈಗಿನ ರೀತಿಯ ಪೊಲೀಸು ಪಡೆ ಹುಟ್ಟಿದ್ದು 1829ರಲ್ಲಿ. ಅದಕ್ಕೆ ಮುಂಚೆ ರೊಟ್ಟಿಯ ಬೆಲೆ ಏರಿ ಜನ ದಂಗೆಯೆದ್ದರೆ, ಮಗ್ಗದವರು ಕೂಲಿಗಾಗಿ ಗುಂಪುಗೂಡಿದರೆ, ಅವರನ್ನು ಚದರಿಸಲು ಬರುತ್ತಿದ್ದವನು ಸೋಜರನೇ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಬಯಲಿನಲ್ಲಿ ಮತದಾನದ ಹಕ್ಕನ್ನು ಕೇಳಲು ನೆರೆದಿದ್ದ ಜನರ ಮೇಲೆ ಕುದುರೆ ಸವಾರರು ನುಗ್ಗಿದರು. ಹತ್ತಾರು ಜನ ಸತ್ತರು, ನೂರಾರು ಜನ ಗಾಯಗೊಂಡರು. ಆ ದಿನ ಅಲ್ಲಿಗೆ ಬಂದ ಸೈನಿಕರಲ್ಲಿ ನಾಲ್ಕು ವರ್ಷದ ಹಿಂದೆ ವಾಟರ್ಲೂ ಕದನದಲ್ಲಿ ಹೋರಾಡಿದವರೂ ಇದ್ದರು. ಜನ ಆ ಘಟನೆಗೆ ವಾಟರ್ಲೂವನ್ನು ಅಣಕಿಸಿ ‘ಪೀಟರ್ಲೂ’ ಎಂದು ಹೆಸರಿಟ್ಟರು.

ಹೀಗೆ ಊರಿನವರಿಗೆಲ್ಲ ಬೇಡವಾದ ಕೆಲಸಕ್ಕೆ ಸೇರುತ್ತಿದ್ದವರು ಯಾರು? ಸಂತೆಯ ದಿನ, ಹೆಂಡದಂಗಡಿಯ ಮುಂದೆ, ತಮಟೆಯವನನ್ನು ಜೊತೆಗಿಟ್ಟುಕೊಂಡು ಸಾರ್ಜೆಂಟನೊಬ್ಬ ಬಂದು ನಿಲ್ಲುತ್ತಿದ್ದ. ಟೋಪಿಗೆ ಬಣ್ಣದ ಪಟ್ಟಿ, ಬಾಯಲ್ಲಿ ಬಣ್ಣದ ಮಾತು. ದೂರದ ದೇಶ, ಕೊಳ್ಳೆಯ ಹಣ, ಹೊಟ್ಟೆ ತುಂಬ ಮಾಂಸ. ಕೆಲಸವಿಲ್ಲದ ಮಗ್ಗದವನು, ಯಜಮಾನನ ಹೊಡೆತ ತಾಳದೆ ಓಡಿ ಬಂದ ಕೂಲಿ ಹುಡುಗ, ಸಾಲಗಾರ, ಕುಡುಕ, ಇಂಥವರು ಅವನ ಸುತ್ತ ಸೇರುತ್ತಿದ್ದರು. ಅವನ ಕೈಯಿಂದ ಒಂದು ಷಿಲ್ಲಿಂಗ್ ನಾಣ್ಯ ತೆಗೆದುಕೊಂಡರೆ ಸೈನ್ಯಕ್ಕೆ ಸೇರಿದ ಹಾಗೆ. ಅಮಲು ಇಳಿದ ಮೇಲೆ ಬೇಡವೆನಿಸಿದರೆ ಬಿಡಿಸಿಕೊಳ್ಳಲು ದಾರಿ ಇತ್ತು. ಆದರೆ ಅದಕ್ಕೆ 20 ಷಿಲ್ಲಿಂಗ್ ದಂಡ ಕಟ್ಟಬೇಕು. ಅಷ್ಟು ಹಣವಿದ್ದವನು ಅಲ್ಲಿಗೆ ಏಕೆ ಬರುತ್ತಿದ್ದ?

ಬಡತನವೇ ಎಲ್ಲಕ್ಕಿಂತ ದೊಡ್ಡ ಸಾರ್ಜೆಂಟನಾಗಿತ್ತು ಎಂಬುದಕ್ಕೆ ಒಂದು ಅಂಕಿ ಸಾಕು. 1830ರಲ್ಲಿ ಬ್ರಿಟಿಷ್ ಸೈನ್ಯದ ನೂರು ಜನರಲ್ಲಿ 42 ಮಂದಿ ಐರ್ಲೆಂಡಿನವರು. ಬ್ರಿಟಿಷರ ಆಳ್ವಿಕೆಯಲ್ಲಿ ಹಸಿದ ಆ ಪುಟ್ಟ ದೇಶವೇ ಬ್ರಿಟಿಷರ ಸಾಮ್ರಾಜ್ಯಕ್ಕೆ ಆಳುಗಳನ್ನು ಒದಗಿಸಿತು. ನಾವು ಇಂಗ್ಲಿಷರೆಂದು ತಿಳಿದು ದಾರಿ ಬಿಟ್ಟ ಸೋಜರನು ಎಷ್ಟೋ ವೇಳೆ ಆಲೂಗಡ್ಡೆಯ ಹೊಲವನ್ನು ಕಳೆದುಕೊಂಡ ಐರಿಷ್ ರೈತನ ಮಗನಾಗಿದ್ದ.

ಸೇರಿದವನು ಬಹುಮಟ್ಟಿಗೆ ಜೀವಮಾನಕ್ಕೆ ಸೇರಿದ ಹಾಗೆ. ನಡುವೆ ಕೆಲವು ವರ್ಷ ಏಳು ವರ್ಷದ ಅವಧಿಯನ್ನು ಆರಿಸಿಕೊಳ್ಳುವ ಅವಕಾಶವಿದ್ದರೂ, 1847ರ ಕಾನೂನು ಬರುವ ತನಕ ಸಾಮಾನ್ಯ ನಿಯಮ ಅದೇ. ಕಾಲಾಳಿಗೆ 1797ರಿಂದ ದಿನಕ್ಕೆ ಒಂದು ಷಿಲ್ಲಿಂಗ್ ಸಂಬಳ. ಕೇಳಲು ಕೆಟ್ಟದ್ದಲ್ಲ. ಆದರೆ ಊಟಕ್ಕೆಂದು, ಬಟ್ಟೆ ಒಗೆಸುವುದಕ್ಕೆಂದು, ಬೂಟಿಗೆಂದು, ಬೂಟಿನ ಬಣ್ಣಕ್ಕೆಂದು ಅದರಲ್ಲಿಯೇ ಕಡಿತ. ಈ ಕಡಿತಗಳು ಎಲ್ಲಿಗೆ ಮುಟ್ಟಿದುವೆಂದರೆ, ಎಲ್ಲ ಕಳೆದು ದಿನಕ್ಕೆ ಒಂದು ಪೆನ್ನಿಯಾದರೂ ಸೈನಿಕನ ಕೈಗೆ ಉಳಿಯಲೇಬೇಕೆಂದು 19ನೆಯ ಶತಮಾನದ ನಡುವಿನಲ್ಲಿ ಸರ್ಕಾರವೇ ನಿಯಮ ಮಾಡಬೇಕಾಯಿತು. ಹನ್ನೆರಡು ಪೆನ್ನಿಗೆ ಒಂದು ಷಿಲ್ಲಿಂಗ್ ಎಂಬುದನ್ನು ನೆನೆದರೆ ಉಳಿದ ಹನ್ನೊಂದು ಎತ್ತ ಹೋದುವೆಂಬುದು ತಿಳಿಯುತ್ತದೆ.

ಊಟವೆಂದರೆ ಒಂದು ಪೌಂಡು ರೊಟ್ಟಿ, ಎಲುಬೂ ಸೇರಿ ಮುಕ್ಕಾಲು ಪೌಂಡು ಮಾಂಸ. ಅಡಿಗೆಗೆ ಎರಡು ತಾಮ್ರದ ಹಂಡೆ. ಒಂದರಲ್ಲಿ ಮಾಂಸ ಬೇಯುತ್ತಿತ್ತು, ಇನ್ನೊಂದರಲ್ಲಿ ಆಲೂಗಡ್ಡೆ. ಹುರಿದದ್ದು, ಕರಿದದ್ದು ಎಂಬುದೇ ಇಲ್ಲ. ವರ್ಷದ ದಿನಗಳೆಲ್ಲ ಬೇಯಿಸಿದ್ದೇ. ಬೆಳಗಿನ ಉಪಾಹಾರ, ನಡುಹಗಲಿನ ಊಟ, ಅಷ್ಟೇ. 1840ರ ದಶಕದವರೆಗೆ ಸಂಜೆಯ ಊಟವೇ ಇರಲಿಲ್ಲ. ಮಧ್ಯಾಹ್ನ ಉಂಡವನು ಮರುದಿನ ಬೆಳಗಿನವರೆಗೆ ಬರಿಹೊಟ್ಟೆಯಲ್ಲಿ ಇರಬೇಕು. ಆ ಹೊತ್ತನ್ನು ತುಂಬುತ್ತಿದ್ದದ್ದು ಬ್ಯಾರಕ್ಕಿನ ಕ್ಯಾಂಟೀನಿನ ಹೆಂಡ. ‘ಸೋಜರರು ಕುಡುಕರು’ ಎಂದು ಎಲ್ಲರೂ ಬೈದರು. ಅವನಿಗೆ ರಾತ್ರಿಯ ಊಟವಿಲ್ಲ ಎಂಬುದನ್ನು ನೋಡಿದವರು ಕಡಿಮೆ.

ಇನ್ನು ಅವನ ಹೆಂಡತಿ. ನೂರು ಜನರ ತುಕಡಿಯಲ್ಲಿ ಸುಮಾರು ಆರು ಮಂದಿಯ ಮದುವೆಯನ್ನು ಮಾತ್ರ ಸೈನ್ಯ ಲೆಕ್ಕಕ್ಕೆ ಹಿಡಿಯುತ್ತಿತ್ತು. ಆ ಆರು ಹೆಂಗಸರಿಗೆ ಬ್ಯಾರಕ್ಕಿನಲ್ಲಿ ಸ್ಥಳ. ಸ್ಥಳವೆಂದರೆ ಬೇರೆ ಕೋಣೆಯಲ್ಲ. ಗಂಡಸರೆಲ್ಲ ಮಲಗುವ ಅದೇ ಕೊಠಡಿಯ ಮೂಲೆಯಲ್ಲಿ ಒಂದು ಕಂಬಳಿಯ ಪರದೆ. ಅದರ ಹಿಂದೆಯೇ ಸಂಸಾರ, ಬಾಣಂತನ ಎಲ್ಲ. ದಂಡು ಹೊರದೇಶಕ್ಕೆ ಹೊರಟಾಗ ನಡೆಯುತ್ತಿದ್ದ ಸಂಗತಿಯನ್ನು ಓದಿದರೆ ಇಂದಿಗೂ ಕರುಳು ಕಿವುಚುತ್ತದೆ. ಹಡಗು ಹತ್ತುವುದಕ್ಕೆ ಸ್ವಲ್ಪ ಮುಂಚೆ, ಎಷ್ಟೋ ಸಲ ಹಿಂದಿನ ರಾತ್ರಿಯೇ, ಟೋಪಿಯೊಂದರಲ್ಲಿ ಚೀಟಿ ಹಾಕುತ್ತಿದ್ದರು. ಕೆಲವು ಚೀಟಿಯಲ್ಲಿ ‘ಹೋಗಬಹುದು’, ಮಿಕ್ಕವುಗಳಲ್ಲಿ ‘ಹೋಗಕೂಡದು’. ಹೆಂಗಸರು ಒಬ್ಬೊಬ್ಬರಾಗಿ ಬಂದು ಚೀಟಿ ಎತ್ತಬೇಕು. ‘ಹೋಗಕೂಡದು’ ಎಂಬುದು ಬಂದವಳು ಕೂಸನ್ನು ಕಟ್ಟಿಕೊಂಡು ಬಂದರಿನಿಂದ ತನ್ನ ಊರಿಗೆ ಹಿಂದಿರುಗಬೇಕು. ಗಂಡ ಹತ್ತು ವರ್ಷಕ್ಕೆ ಬಂದಾನು, ಬರದೆಯೂ ಇದ್ದಾನು. ಗಂಡಿನ ಸಂಬಳದಿಂದ ಅವಳಿಗೆ ಕಾಸು ಕಳಿಸುವ ಏರ್ಪಾಡೂ ಆ ಕಾಲದಲ್ಲಿ ನೆಟ್ಟಗಿರಲಿಲ್ಲ.

ಶಿಕ್ಷೆಯ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಒಂಬತ್ತು ಎಳೆಯ ಚಾವಟಿಯಿಂದ ಬೆತ್ತಲೆ ಬೆನ್ನಿನ ಮೇಲೆ ಹೊಡೆಯುವುದು ಸೈನ್ಯದ ಮುಖ್ಯ ದಂಡನೆಯಾಗಿತ್ತು. ದಂಡೆಲ್ಲ ಚೌಕವಾಗಿ ನಿಂತು ನೋಡಬೇಕು. ನಗಾರಿಯ ಹುಡುಗರು ಸರದಿಯ ಮೇಲೆ ಹೊಡೆಯುವರು. ವೈದ್ಯನೊಬ್ಬ ಪಕ್ಕದಲ್ಲಿ ನಿಂತು ಮನುಷ್ಯ ಇನ್ನೂ ತಾಳುವನೆ ಎಂದು ನೋಡುವನು. 18ನೆಯ ಶತಮಾನದಲ್ಲಿಯೂ ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿಯೂ ಸಾವಿರ ಏಟಿನ ಶಿಕ್ಷೆಯೂ ಉಂಟು. ನಮ್ಮ ದೇಶದಲ್ಲಿ ಒಂದು ವಿಚಿತ್ರ ನಡೆಯಿತು. 1835ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಕಂಪನಿಯ ಭಾರತೀಯ ಸಿಪಾಯಿಗಳಿಗೆ ಈ ಶಿಕ್ಷೆಯನ್ನು ರದ್ದುಮಾಡಿದ. ಹತ್ತು ವರ್ಷದ ಬಳಿಕ ಅದು ಮರಳಿ ಬಂದರೂ, ನಡುವಿನ ಅಷ್ಟು ಕಾಲ, ಆಳಿಸಿಕೊಳ್ಳುವ ಜನಾಂಗದ ಸಿಪಾಯಿಯ ಬೆನ್ನಿಗಿದ್ದ ರಕ್ಷಣೆ ಆಳುವ ಜನಾಂಗದ ಸೋಜರನ ಬೆನ್ನಿಗೆ ಇರಲಿಲ್ಲ.

1846ರ ಬೇಸಗೆಯಲ್ಲಿ ಲಂಡನ್ನಿನ ಬಳಿಯ ಹೌನ್ಸ್‌ಲೊ ಎಂಬಲ್ಲಿ ಫ್ರೆಡರಿಕ್ ವೈಟ್ ಎಂಬ ಸೈನಿಕನಿಗೆ 150 ಏಟು ಬಿದ್ದುವು. ಕೆಲವು ವಾರಗಳಲ್ಲಿ ಅವನು ಸತ್ತ. ಸೈನ್ಯದ ವೈದ್ಯರು ಸಾವಿಗೆ ಬೇರೆ ಕಾರಣ ಹೇಳಿದರು. ಆದರೆ ವಿಚಾರಣೆಗೆ ಬಂದ ಅಧಿಕಾರಿ ಥಾಮಸ್ ವೇಕ್ಲಿ. ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯನ್ನು ಸ್ಥಾಪಿಸಿದವನು. ಅವನು ಬಿಡಲಿಲ್ಲ. ಏಟಿನಿಂದಲೇ ಸಾವು ಸಂಭವಿಸಿತೆಂದು ಪಂಚರು ತೀರ್ಮಾನ ಕೊಟ್ಟರು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಅದೇ ವರ್ಷ ಏಟಿನ ಮಿತಿಯನ್ನು 50ಕ್ಕೆ ಇಳಿಸಿದರು. ಶಾಂತಿಕಾಲದಲ್ಲಿ ಆ ಶಿಕ್ಷೆ ನಿಂತದ್ದು 1868ರಲ್ಲಿ, ಬ್ರಿಟಿಷ್ ಸೈನಿಕರಿಗೆ ಪೂರ್ತಿಯಾಗಿ ನಿಂತದ್ದು 1881ರಲ್ಲಿ.

ಸೋಜರನ ಮೇಲೆ ಅಧಿಕಾರ ನಡೆಸುತ್ತಿದ್ದವರು ಎಂಥವರು? ಕಾಲಾಳು ಪಡೆಯಲ್ಲಿಯೂ ಕುದುರೆ ಪಡೆಯಲ್ಲಿಯೂ ಅಧಿಕಾರವನ್ನು ಹಣಕೊಟ್ಟು ಕೊಳ್ಳುವ ಪದ್ಧತಿ ಇತ್ತು. ಮನೆ ಹೊಲ ಕೊಂಡ ಹಾಗೆ. 1821ರ ದರದಂತೆ ಕಾಲಾಳು ಪಡೆಯ ಅತಿ ಕೆಳಗಿನ ಅಧಿಕಾರಕ್ಕೆ 450 ಪೌಂಡು, ಕ್ಯಾಪ್ಟನ್ ಪದವಿಗೆ 1,800, ಲೆಫ್ಟಿನೆಂಟ್ ಕರ್ನಲ್ ಪದವಿಗೆ 4,500. ಹೊರಗೆ ಕೈಬದಲಾಗುತ್ತಿದ್ದ ಹಣ ಇದಕ್ಕಿಂತ ಬಹಳ ಹೆಚ್ಚು. ದಿನಕ್ಕೊಂದು ಷಿಲ್ಲಿಂಗಿನವನು ಈ ಮೆಟ್ಟಿಲನ್ನು ಹತ್ತುವ ಮಾತೆಲ್ಲಿ? ಫಿರಂಗಿದಳ ಮತ್ತು ಎಂಜಿನಿಯರು ದಳಗಳಲ್ಲಿ ಮಾತ್ರ ವಿದ್ಯೆಗೆ ಬೆಲೆ. ಅವರು ವೂಲಿಚ್ ಶಾಲೆಯಲ್ಲಿ ಕಲಿತು ಬರಬೇಕು. ಕೊಂಡವರೆಲ್ಲ ಕೆಟ್ಟವರೆಂದು ಹೇಳಲಾಗದು. ವೆಲಿಂಗ್ಟನ್ನನೂ ಅಣ್ಣನ ಹಣದ ಸಹಾಯದಿಂದ 24ನೆಯ ವಯಸ್ಸಿಗೇ ಒಂದು ರೆಜಿಮೆಂಟಿನ ನಾಯಕತ್ವವನ್ನು ಕೊಂಡವನು. ಆದರೆ ಹಣವಿದ್ದವರೆಲ್ಲ ವೆಲಿಂಗ್ಟನ್ನರಾಗುವುದಿಲ್ಲ.

ಇಂಥ ಜನ ಯುದ್ಧಭೂಮಿಯಲ್ಲಿ ಹೇಗೆ ನಿಂತರು ಎಂಬುದೇ ಆಶ್ಚರ್ಯ. ಅವರ ಕೋವಿ ಸುಮಾರು ನಾಲ್ಕೂವರೆ ಕಿಲೋಗ್ರಾಂ ತೂಕದ್ದು. ಮದ್ದಿನ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು, ನಳಿಗೆಗೆ ಸುರಿದು, ಗುಂಡನ್ನು ಗಜದಿಂದ ತುರುಕಿ ಹೊಡೆಯಬೇಕು. ನುರಿತವನು ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲ. ನೂರು ಗಜದಾಚೆ ಗುರಿ ತಾಗಿದರೆ ಅದೃಷ್ಟ. ಆದ್ದರಿಂದ ಒಬ್ಬೊಬ್ಬರೇ ಗುರಿಯಿಟ್ಟು ಪ್ರಯೋಜನವಿಲ್ಲ. ಎರಡು ಸಾಲಾಗಿ ಭುಜಕ್ಕೆ ಭುಜ ತಾಗಿಸಿ ನಿಂತು, ಶತ್ರು ಹತ್ತಿರ ಬರುವವರೆಗೆ ಅಲುಗದೆ ಕಾದು, ಎಲ್ಲರೂ ಒಟ್ಟಿಗೆ ಹೊಡೆಯಬೇಕು. ಪಕ್ಕದವನು ಬಿದ್ದರೆ ಆ ಜಾಗವನ್ನು ತುಂಬಿ ಮತ್ತೆ ನಿಲ್ಲಬೇಕು. ಕವಾಯತಿನ ಉದ್ದೇಶವೇ ಇದು. 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ಫ್ರೆಂಚ್ ಕುದುರೆಗಳು ಅಲೆಯ ಮೇಲೆ ಅಲೆಯಾಗಿ ಬಂದಾಗ ಕೆಂಪಂಗಿಯವರು ಚೌಕಗಳಾಗಿ ನಿಂತರು. ಸಂಜೆಯ ಹೊತ್ತಿಗೆ ಐರ್ಲೆಂಡಿನ 27ನೆಯ ರೆಜಿಮೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವು ನಿಂತ ಚೌಕದ ಆಕಾರದಲ್ಲಿಯೇ ಬಿದ್ದಿದ್ದರು. ಆ ದಿನ ವೆಲಿಂಗ್ಟನ್ನನ ಕೈಕೆಳಗಿದ್ದ ಸುಮಾರು 68,000 ಜನರಲ್ಲಿ ಬ್ರಿಟಿಷರು ಮೂರನೆಯ ಒಂದು ಪಾಲು. ಉಳಿದವರು ಜರ್ಮನರು, ಡಚ್ಚರು, ಬೆಲ್ಜಿಯಮ್ಮಿನವರು. ಸಂಜೆ ಪ್ರಷ್ಯದ ಸೈನ್ಯ ಬಂದು ಸೇರದಿದ್ದರೆ ಗೆಲುವು ಕಷ್ಟವಿತ್ತು.

ಆದರೆ ಸೋಜರನ ಕಷ್ಟವನ್ನು ಹೇಳುವಾಗ ಅವನಿಂದ ಕಷ್ಟಪಟ್ಟವರನ್ನು ಮರೆಯಬಾರದು. 1812ರ ಏಪ್ರಿಲಿನಲ್ಲಿ ಸ್ಪೇನಿನ ಬಡಹೋಸ್ ಕೋಟೆಯನ್ನು ಅವರು ಹತ್ತಿದರು. ಒಂದೇ ರಾತ್ರಿ ಸಾವಿರಾರು ಜನ ಗೋಡೆಯ ಕೆಳಗೆ ಬಿದ್ದರು. ಒಳಗೆ ನುಗ್ಗಿದವರು ಎರಡು ಮೂರು ದಿನ ಆ ಊರನ್ನು ಸೂರೆಮಾಡಿದರು. ಹೆಂಗಸರ ಮಾನ, ಮುದುಕರ ಪ್ರಾಣ ಉಳಿಯಲಿಲ್ಲ. ಅದು ಶತ್ರುಗಳ ಊರೂ ಅಲ್ಲ, ಅವರು ಬಿಡಿಸಲು ಬಂದ ಮಿತ್ರರ ಊರು. ಮರುವರ್ಷ ವೆಲಿಂಗ್ಟನ್ ತನ್ನ ಸೈನಿಕರನ್ನು ಸಮಾಜದ ಕಸವೆಂದು ಪತ್ರವೊಂದರಲ್ಲಿ ಹಳಿದ. ಆ ಕಸವನ್ನು ಹಾಗೆ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಅವನು ಕೇಳಿಕೊಂಡ ಹಾಗೆ ಕಾಣುವುದಿಲ್ಲ.

ಇದೇ ನೋಟವನ್ನು ನಮ್ಮ ಶ್ರೀರಂಗಪಟ್ಟಣವೂ ಕಂಡಿತ್ತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ ಮಡಿದ ರಾತ್ರಿ ಊರಿಗೆ ಊರೇ ಕೊಳ್ಳೆಯಾಯಿತು. ಮರುದಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಆದವನು, ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಚಾವಟಿಯ ಏಟು ಹಾಕಿಸಿ ಸೂರೆಯನ್ನು ನಿಲ್ಲಿಸಿದ. ಬಳಿಕ ಅರಮನೆಯ ಸಂಪತ್ತನ್ನು ‘ಕ್ರಮಬದ್ಧವಾಗಿ’ ಹಂಚಿದರು. ಸೇನಾಪತಿ ಹ್ಯಾರಿಸನ ಪಾಲು 1,40,000 ಪೌಂಡಿಗೂ ಮೇಲೆ. ಕೋಟೆಯ ಒಡಕಿನಲ್ಲಿ ಹತ್ತಿದ ಗೋರಾ ಸೈನಿಕನಿಗೆ ಬಂದದ್ದು ಸುಮಾರು ಏಳು ಪೌಂಡು. ಭಾರತೀಯ ಸಿಪಾಯಿಗೆ ಅದಕ್ಕಿಂತಲೂ ಕಡಿಮೆ. ಕಂಪನಿ ಒಂದು ಪದಕವನ್ನೂ ಮಾಡಿಸಿತು. ಸಿಂಹವು ಹುಲಿಯನ್ನು ಕೆಡವಿದ ಚಿತ್ರ ಅದರ ಮೇಲಿದೆ. ಜನರಲ್‌ಗಳಿಗೆ ಚಿನ್ನದ ಪದಕ, ಅವರ ಕೆಳಗಿನವರಿಗೆ ಚಿನ್ನದ ಮುಲಾಮಿನದು, ಆಮೇಲೆ ಬೆಳ್ಳಿ, ಆಮೇಲೆ ಕಂಚು. ಸಾಮಾನ್ಯ ಸೈನಿಕನಿಗೂ ಸಿಪಾಯಿಗೂ ತವರ. ಚಿತ್ರ ಒಂದೇ, ಲೋಹ ಬೇರೆ. ಗೆದ್ದ ದ್ವೀಪದಲ್ಲಿಯೂ ದಂಡಿಗೆ ಸುಖ ಸಿಗಲಿಲ್ಲ. ಚಳಿಜ್ವರ ಸೈನಿಕರನ್ನು ಹಿಂಡಿತು. ಆ ಕಾರಣದಿಂದಲೇ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ‘ದಂಡು’ ಹುಟ್ಟಿದ್ದು ಹೀಗೆ.

ವಾಟರ್ಲೂವಿನ ಬಳಿಕ ಬ್ರಿಟಿಷ್ ಸರ್ಕಾರ ಮೊದಲ ಬಾರಿಗೆ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಒಂದೇ ಬೆಳ್ಳಿಯ ಪದಕ ಕೊಟ್ಟಿತು. ಪ್ರತಿಯೊಂದರ ಅಂಚಿನಲ್ಲಿಯೂ ಅದನ್ನು ಪಡೆದವನ ಹೆಸರು ಕೆತ್ತಿತ್ತು. ಬದುಕಿ ಬಂದ ಸೋಜರನಿಗೆ ಹೀಗೆ ಒಂದು ಹೆಸರು ಬಂತು. ಸತ್ತವನ ಗೋರಿಗೆ ಹೆಸರು ಬರಲಿಲ್ಲ. ಸಾವಿರಾರು ಜನರನ್ನು ಗುಂಡಿಗಳಲ್ಲಿ ಒಟ್ಟಿಗೆ ಹೂಳಿದರು. ಯೂರೋಪಿನ ಕದನಭೂಮಿಗಳಿಂದ ಮನುಷ್ಯರ, ಕುದುರೆಗಳ ಎಲುಬುಗಳನ್ನು ಅಗೆದು ತಂದು ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಇಳಿಸಿ ಗೊಬ್ಬರಕ್ಕಾಗಿ ಪುಡಿಮಾಡುತ್ತಿದ್ದಾರೆಂದು 1822ರ ಪತ್ರಿಕೆಗಳು ಬರೆದುವು.

ಈ ಸ್ಥಿತಿ ಬದಲಾಗಲು ಒಂದು ದೊಡ್ಡ ಅವಮಾನ ಬೇಕಾಯಿತು. ಅದೇ ಕ್ರಿಮಿಯದ ಯುದ್ಧ. 1854ರಲ್ಲಿ ತುರ್ಕಿಯ ಪಕ್ಷವಾಗಿ ಬ್ರಿಟನ್ನೂ ಫ್ರಾನ್ಸೂ ರಷ್ಯದ ಮೇಲೆ ಯುದ್ಧ ಸಾರಿದುವು. ಸೆಪ್ಟೆಂಬರಿನಲ್ಲಿ ಸುಮಾರು 26,000 ಬ್ರಿಟಿಷರು ಕ್ರಿಮಿಯ ದಡಕ್ಕೆ ಇಳಿದರು. ವಾಟರ್ಲೂವಿನಿಂದ ನಲವತ್ತು ವರ್ಷ ಕಳೆದಿದ್ದರೂ ಸೈನ್ಯದ ಕಾರಖಾನೆಗಳು ಇದ್ದಲ್ಲಿಯೇ ಇದ್ದುವು. ಆಹಾರಕ್ಕೊಂದು ಇಲಾಖೆ, ಸಾಗಾಟಕ್ಕೊಂದು, ಔಷಧಕ್ಕೊಂದು, ಒಂದಕ್ಕೂ ಇನ್ನೊಂದಕ್ಕೂ ಮಾತಿಲ್ಲ. ಅಕ್ಟೋಬರ್ 25ರಂದು ಬಾಲಕ್ಲಾವದಲ್ಲಿ, ಸರಿಯಾಗಿ ಬರೆಯದ, ಸರಿಯಾಗಿ ಕೇಳದ ಒಂದು ಅಪ್ಪಣೆಯಿಂದ ಸುಮಾರು 670 ಸವಾರರು ರಷ್ಯದ ಫಿರಂಗಿಗಳ ಬಾಯಿಗೆ ನೇರವಾಗಿ ನುಗ್ಗಿದರು. ಅವರನ್ನು ನಡೆಸಿದವನು ಲಾರ್ಡ್ ಕಾರ್ಡಿಗನ್, ಅಧಿಕಾರವನ್ನು ಭಾರಿ ಹಣಕೊಟ್ಟು ಕೊಂಡಿದ್ದ ಶ್ರೀಮಂತ. ಧೈರ್ಯವಂತನೇ ನಿಜ, ಆದರೆ ಸೈನಿಕರು ಡೇರೆಗಳಲ್ಲಿ ನಡುಗುತ್ತಿದ್ದಾಗ ಅವನು ಬಂದರಿನಲ್ಲಿ ನಿಂತಿದ್ದ ತನ್ನ ಸ್ವಂತ ವಿಹಾರನೌಕೆಯಲ್ಲಿ ಮಲಗುತ್ತಿದ್ದ.

ಫಿರಂಗಿಗಿಂತ ಕ್ರೂರವಾದದ್ದು ಮುಂದೆ ಬಂದ ಚಳಿಗಾಲ. ನವೆಂಬರ್ 14ರ ಬಿರುಗಾಳಿಯಲ್ಲಿ ಬೆಚ್ಚನೆಯ ಬಟ್ಟೆ ತಂದಿದ್ದ ಹಡಗು ಮುಳುಗಿತು. ಬಂದರಿನಿಂದ ಠಾಣ್ಯಕ್ಕೆ ಇದ್ದದ್ದು ಏಳೆಂಟು ಮೈಲಿ. ಆ ದಾರಿ ಮೊಣಕಾಲುದ್ದ ಕೆಸರಾಯಿತು. ಮೇವಿಲ್ಲದೆ ಕುದುರೆಗಳು ಸತ್ತುವು. ಬಂದರಿನಲ್ಲಿ ಸಾಮಾನು ಕೊಳೆಯುತ್ತಿತ್ತು, ಠಾಣ್ಯದಲ್ಲಿ ಜನ ಹಸಿಯುತ್ತಿದ್ದರು. ಸೈನಿಕರಿಗೆ ಕಾಫಿಯನ್ನು ಹಂಚಿದರು. ಹುರಿಯದ ಹಸಿ ಬೀಜ! ನಮ್ಮ ಮನೆಗಳಲ್ಲಿ ದಿನವೂ ಕಾಫಿ ಬೀಜ ಹುರಿದು ಪುಡಿಮಾಡುತ್ತಿದ್ದ ಗೃಹಿಣಿಯರಿಗೆ ಆ ಅವಿವೇಕ ಥಟ್ಟನೆ ತಿಳಿಯುತ್ತದೆ. ಹುರಿಯಲು ಸೌದೆಯಿಲ್ಲ, ಬಾಣಲೆಯಿಲ್ಲ, ಕುಟ್ಟಲು ಒರಳಿಲ್ಲ. ಹಳೆಯ ನಿಯಮದಲ್ಲಿ ‘ಕಾಫಿ’ ಎಂದಷ್ಟೇ ಇತ್ತು, ಕೊಟ್ಟದ್ದಾಯಿತು.

ಗಾಯಾಳುಗಳನ್ನೂ ರೋಗಿಗಳನ್ನೂ ಕಪ್ಪುಸಮುದ್ರ ದಾಟಿಸಿ ಇಸ್ತಾಂಬುಲಿನ ಎದುರಿನ ಸ್ಕುಟಾರಿಯ ಆಸ್ಪತ್ರೆಗೆ ಒಯ್ಯುತ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಂದಿಗೆ ಅಲ್ಲಿಗೆ ಮುಟ್ಟಿದ್ದು ನವೆಂಬರ್ 4ರಂದು. ಆಕೆಯ ದೀಪದ ಕಥೆಯನ್ನು ಮಕ್ಕಳೂ ಬಲ್ಲರು. ಆದರೆ ಆಕೆ ಬಂದ ಮೇಲೂ ಸಾವು ನಿಲ್ಲಲಿಲ್ಲ, ಹೆಚ್ಚಿತು. 1855ರ ಫೆಬ್ರವರಿಯಲ್ಲಿ ನೂರಕ್ಕೆ 42ರ ಮಟ್ಟಕ್ಕೆ ಏರಿತು. ಕಾರಣ ನೆಲದ ಕೆಳಗಿತ್ತು. ಆ ದೊಡ್ಡ ಕಟ್ಟಡ ಕಟ್ಟಿಕೊಂಡ ಚರಂಡಿಗಳ ಮೇಲೆ ನಿಂತಿತ್ತು. ಮಾರ್ಚಿಯಲ್ಲಿ ಲಂಡನ್ನಿನಿಂದ ನೈರ್ಮಲ್ಯ ತಜ್ಞರ ಮಂಡಲಿ ಬಂದು ಚರಂಡಿ ತೊಳೆಯಿಸಿ, ಗಾಳಿ ಬೆಳಕಿಗೆ ದಾರಿ ಮಾಡಿದ ಮೇಲೆ ಬೇಸಗೆಯ ಹೊತ್ತಿಗೆ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ನೈಟಿಂಗೇಲಳ ನಿಜವಾದ ಹಿರಿಮೆ ಆಮೇಲಿನದು. ಊರಿಗೆ ಹಿಂದಿರುಗಿ, ಲೆಕ್ಕದ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಸತ್ತ ಒಬ್ಬೊಬ್ಬನೂ ಏತರಿಂದ ಸತ್ತನೆಂದು ಎಣಿಸಿದಳು. ಸೋಜರನನ್ನು ಹೀಗೆ ಒಬ್ಬೊಬ್ಬನಾಗಿ ಎಣಿಸಿದವರು ಅದಕ್ಕೆ ಮೊದಲು ವಿರಳ.

ಆ ಎಣಿಕೆ ಹೇಳಿದ್ದೇನು? ಆ ಯುದ್ಧದಲ್ಲಿ ಸುಮಾರು 21,000 ಬ್ರಿಟಿಷರು ಸತ್ತರು. ಅವರಲ್ಲಿ ಕಾದಾಡಿ ಸತ್ತವರು, ಗಾಯದಿಂದ ಸತ್ತವರು ಸೇರಿ 5,000ಕ್ಕೂ ಕಡಿಮೆ. ಉಳಿದ 16,000ಕ್ಕೂ ಹೆಚ್ಚು ಜನರನ್ನು ಕೊಂದದ್ದು ಕಾಲರಾ, ಆಮಶಂಕೆ, ವಿಷಮಜ್ವರ, ಚಳಿ. ಶತ್ರುವಿಗಿಂತ ತನ್ನ ಸರ್ಕಾರದ ಅಲಕ್ಷ್ಯವೇ ಸೋಜರನಿಗೆ ಹೆಚ್ಚು ಮಾರಕವಾಗಿತ್ತು. ಇದು ಊರಿನ ಬ್ಯಾರಕ್ಕುಗಳಲ್ಲಿಯೂ ನಿಜವೆಂದು 1858ರ ರಾಯಲ್ ಕಮಿಷನ್ನಿನ ವರದಿ ತೋರಿಸಿತು. ಯುದ್ಧವಿಲ್ಲದ ದಿನಗಳಲ್ಲಿಯೇ ಬ್ಯಾರಕ್ಕಿನ ಸೈನಿಕರು, ಆರಿಸಿ ತೆಗೆದ ಗಟ್ಟಿ ಯುವಕರು, ಅದೇ ವಯಸ್ಸಿನ ನಾಗರಿಕರ ಸುಮಾರು ಎರಡರಷ್ಟು ಸಂಖ್ಯೆಯಲ್ಲಿ ಸಾಯುತ್ತಿದ್ದರು. ಬಂದೀಖಾನೆಯ ಕೈದಿಗೆ ಗೊತ್ತುಮಾಡಿದ್ದಷ್ಟು ಗಾಳಿಯೂ ಅವರ ಕೊಠಡಿಯಲ್ಲಿ ಇರಲಿಲ್ಲ.

ಈ ಸಲ ದೇಶ ಸುಮ್ಮನಿರಲಿಲ್ಲ. ಅದಕ್ಕೆ ಮುಖ್ಯ ಕಾರಣ ವೃತ್ತಪತ್ರಿಕೆ. ‘ಟೈಮ್ಸ್’ ಪತ್ರಿಕೆಯ ಬಾತ್ಮಿದಾರ ವಿಲಿಯಂ ಹೋವರ್ಡ್ ರಸೆಲ್ ಸೈನ್ಯದ ಜೊತೆಯಲ್ಲಿಯೇ ಇದ್ದು ಕಂಡದ್ದನ್ನು ಕಂಡ ಹಾಗೆ ಬರೆದ. ಬೆಳಗಿನ ಚಹದ ಬಟ್ಟಲಿನ ಮುಂದೆ ಕುಳಿತ ಲಂಡನ್ನಿನ ಗೃಹಸ್ಥನಿಗೆ, ತಾನು ಕಸವೆಂದುಕೊಂಡಿದ್ದ ಸೋಜರ ಕೆಸರಿನಲ್ಲಿ ಬರಿಗಾಲಿನಲ್ಲಿ ನಿಂತದ್ದು ಕಂಡಿತು. 1855ರ ಜನವರಿ 29ರಂದು ಪಾರ್ಲಿಮೆಂಟಿನಲ್ಲಿ ವಿಚಾರಣೆಯ ಗೊತ್ತುವಳಿ 305 ಮತಗಳಿಂದ 148ರ ವಿರುದ್ಧ ಗೆದ್ದಿತು. ಪ್ರಧಾನಿ ಲಾರ್ಡ್ ಅಬರ್ಡೀನನ ಮಂತ್ರಿಮಂಡಲ ಉರುಳಿತು. ಮನೆಗೆ ಬಂದ ಸುದ್ದಿ ಸರ್ಕಾರವನ್ನು ಇಳಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಆ ಶತಮಾನದಲ್ಲಿ ಸಿಕ್ಕುವುದು ಕಷ್ಟ.

ಬದಲಾವಣೆಗಳು ನಿಧಾನವಾಗಿ ಬಂದುವು. 1856ರಲ್ಲಿ ಸ್ಥಾಪಿಸಿದ ವಿಕ್ಟೋರಿಯ ಕ್ರಾಸ್ ಪದಕದಲ್ಲಿ ಮೇಲು ಕೀಳೆಂಬುದಿರಲಿಲ್ಲ. ಲೋಹ ಎಲ್ಲರಿಗೂ ಕಂಚು. ಮರುವರ್ಷ ಹೈಡ್ ಪಾರ್ಕಿನಲ್ಲಿ ರಾಣಿ 62 ಮಂದಿಗೆ ತನ್ನ ಕೈಯಿಂದಲೇ ಅದನ್ನು ತೊಡಿಸಿದಳು. ಭಾರತೀಯ ಸೈನಿಕನು ಆ ಪದಕಕ್ಕೆ ಅರ್ಹನೆನಿಸಲು ಮಾತ್ರ 1911ರವರೆಗೆ ಕಾಯಬೇಕಾಯಿತು. ಯುದ್ಧಮಂತ್ರಿ ಕಾರ್ಡ್‌ವೆಲ್ 1870ರಲ್ಲಿ ಸೈನ್ಯದ ಸೇವೆಯ ಅವಧಿಯನ್ನು ಇಳಿಸಿದ; ಆರು ವರ್ಷ ದಂಡಿನಲ್ಲಿ, ಆರು ವರ್ಷ ಮನೆಯಲ್ಲಿ ಮೀಸಲಾಗಿ. 1871ರಲ್ಲಿ ಅಧಿಕಾರದ ಕ್ರಯವಿಕ್ರಯ ನಿಂತಿತು. ಪ್ರಭುಗಳ ಸಭೆ ಅಡ್ಡಬಂದಾಗ ರಾಣಿಯ ನಿರೂಪದಿಂದಲೇ ಅದನ್ನು ನಿಲ್ಲಿಸಬೇಕಾಯಿತು. 1881ರಲ್ಲಿ ಸಂಖ್ಯೆಗಳಿಂದ ಕರೆಯುತ್ತಿದ್ದ ರೆಜಿಮೆಂಟುಗಳಿಗೆ ಜಿಲ್ಲೆಗಳ ಹೆಸರು ಬಂತು; ಸೋಜರನಿಗೆ ಒಂದು ಊರು ಸಿಕ್ಕಿತು. ಕೆಂಪು ಅಂಗಿಯೂ ಮರೆಯಾಯಿತು. 1840ರ ದಶಕದಲ್ಲಿ ಪೇಷಾವರದ ‘ಗೈಡ್ಸ್’ ದಳ ಧೂಳಿನ ಬಣ್ಣದ ಬಟ್ಟೆ ತೊಟ್ಟಿತ್ತು. ‘ಖಾಕಿ’ ಎಂದರೆ ಧೂಳಿನದು ಎಂದೇ ಅರ್ಥ. ದೂರ ಗುರಿಯ ಕೋವಿಗಳು ಬಂದಮೇಲೆ ಕೆಂಪು ಬಣ್ಣ ಪ್ರಾಣಕ್ಕೇ ಕುತ್ತಾಯಿತು. 1885ರ ಡಿಸೆಂಬರಿನಲ್ಲಿ ಸೂಡಾನಿನಲ್ಲಿ ನಡೆದ ಕದನವೇ ಕೆಂಪಂಗಿಯ ಕೊನೆಯ ಕದನವೆನ್ನುತ್ತಾರೆ. 1899ರ ದಕ್ಷಿಣ ಆಫ್ರಿಕದ ಯುದ್ಧಕ್ಕೆ ಎಲ್ಲರೂ ಖಾಕಿಯಲ್ಲಿಯೇ ಹೋದರು.

ಆ ಯುದ್ಧಕ್ಕೆ ಸೇರಲು ಬಂದ ಕಾರ್ಖಾನೆ ಊರುಗಳ ಬಡ ಯುವಕರಲ್ಲಿ ಬಹಳ ಮಂದಿಯನ್ನು ಎದೆ ಸಣ್ಣದು, ಹಲ್ಲು ಕೊಳೆತಿದೆ, ಎತ್ತರ ಸಾಲದು ಎಂದು ವೈದ್ಯರು ಹಿಂದಕ್ಕೆ ಕಳಿಸಿದರು. ಜಗತ್ತನ್ನು ಆಳುವ ದೇಶ ತನ್ನ ಮಕ್ಕಳಿಗೇ ಅನ್ನ ಹಾಕಿಲ್ಲ ಎಂಬುದು ಬಯಲಾಯಿತು. 1904ರಲ್ಲಿ ಒಂದು ಸಮಿತಿ ಇದನ್ನು ವಿಚಾರಿಸಿತು. 1906ರಲ್ಲಿ ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಲು ಕಾನೂನಾಯಿತು.

1914ರ ಮಹಾಯುದ್ಧ ಸೋಜರನ ಚರಿತ್ರೆಯನ್ನೇ ಮಗುಚಿತು. 1916ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದಮೇಲೆ ಗುಮಾಸ್ತ, ಉಪಾಧ್ಯಾಯ, ಅಂಗಡಿಯವನು ಎಲ್ಲರೂ ಸೋಜರರಾದರು. ಅದೇ ವರ್ಷ ಜುಲೈ 1ರಂದು ಸೊಮ್ ನದಿಯ ಬಳಿ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಈಗ ಸತ್ತವರು ಬೇರೆ ಯಾರೋ ಅಲ್ಲ, ಪ್ರತಿ ಮನೆಯ ಮಕ್ಕಳು. 1917ರಲ್ಲಿ ಸ್ಥಾಪಿತವಾದ ಯುದ್ಧ ಸಮಾಧಿಗಳ ಕಮಿಷನ್ನು ಒಂದು ದೊಡ್ಡ ತತ್ತ್ವವನ್ನು ಹಿಡಿಯಿತು: ಜನರಲ್ ಆಗಲಿ ಕಾಲಾಳಾಗಲಿ ಸಮಾಧಿಯ ಕಲ್ಲು ಒಂದೇ ಅಳತೆಯದು, ದೇಹ ಸಿಗದವನ ಹೆಸರನ್ನೂ ಎಲ್ಲಾದರೂ ಕೆತ್ತಬೇಕು. ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕ ಒಂದರಲ್ಲಿಯೇ 72,000ಕ್ಕೂ ಹೆಚ್ಚು ಹೆಸರುಗಳಿವೆ. ವಾಟರ್ಲೂವಿನ ಎಲುಬಿನ ಗುಂಡಿಗಳಿಂದ ಇಲ್ಲಿಗೆ ಬಂದ ದೂರ ನೂರು ವರ್ಷ.

ಆದರೆ ಈ ಸಮಾನತೆ ಎಲ್ಲರಿಗೂ ಮುಟ್ಟಲಿಲ್ಲ. ಇರಾಕಿನ ಬಾಸ್ರಾದಲ್ಲಿ 1929ರಲ್ಲಿ ತೆರೆದ ಸ್ಮಾರಕದ ಗೋಡೆಯ ಮೇಲೆ ಬ್ರಿಟಿಷರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಹೆಸರಿಲ್ಲ. ರೆಜಿಮೆಂಟಿನ ಕೆಳಗೆ ಸತ್ತವರ ಸಂಖ್ಯೆ ಮಾತ್ರ. 2021ರಲ್ಲಿ ಅದೇ ಕಮಿಷನ್ನು ತನ್ನ ಹಳೆಯ ಕಡತಗಳನ್ನು ತೆರೆದು ನೋಡಿ, ಹೆಚ್ಚಾಗಿ ಆಫ್ರಿಕ ಮತ್ತು ಏಷ್ಯದ 1,16,000 ಮಂದಿಯಾದರೂ ಹೆಸರಿಲ್ಲದೆ ಅಥವಾ ಯಾವ ಸ್ಮಾರಕವೂ ಇಲ್ಲದೆ ಉಳಿದರೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಆ ಹೆಸರುಗಳನ್ನು ಹುಡುಕುವ ಕೆಲಸ ಆಮೇಲೆ ಕೈಗೊಂಡದ್ದು.

ಕೆಂಪಂಗಿಯ ಸೋಜರ ನಮಗೆ ಪರಾಯನು. ಅವನ ಕೋವಿಯ ಮುಂದೆ ನಮ್ಮ ಹಿರಿಯರು ತಲೆತಗ್ಗಿಸಬೇಕಾಯಿತು. ಅದನ್ನು ಮರೆಯಬೇಕಾಗಿಲ್ಲ. ಆದರೆ ಅವನ ಕಥೆಯಲ್ಲಿ ಎಲ್ಲ ದೇಶಗಳಿಗೂ ಒಂದು ಪಾಠವಿದೆ. ಗೆಲುವಿನ ದಿನ ಸೈನಿಕನನ್ನು ಹೊಗಳುವುದು ಸುಲಭ. ಅವನಿಗೆ ರಾತ್ರಿಯ ಊಟವಿದೆಯೆ, ಅವನ ಹೆಂಡತಿಯ ಕೈಗೆ ಹಣ ಮುಟ್ಟುತ್ತದೆಯೆ, ಅವನ ಆಸ್ಪತ್ರೆಯ ಚರಂಡಿ ಹರಿಯುತ್ತಿದೆಯೆ, ಸತ್ತರೆ ಅವನ ಹೆಸರು ಎಲ್ಲಿ ಬರೆದಿದೆ ಎಂದು ಕೇಳುವುದು ಕಷ್ಟ. ಬ್ರಿಟನ್ ಆ ಪ್ರಶ್ನೆಗಳನ್ನು ಕೇಳಲು ಕಲಿಯುವುದಕ್ಕೆ ಇನ್ನೂರು ವರ್ಷ ಹಿಡಿಯಿತು. ಮುಂದೆ ನೀವು ಯಾವುದಾದರೂ ಯುದ್ಧದ ಸ್ಮಾರಕದ ಮುಂದೆ ನಿಂತಾಗ, ಅಲ್ಲಿ ಹೆಸರುಗಳಿವೆಯೊ, ಬರಿಯ ಸಂಖ್ಯೆಯಿದೆಯೊ ಎಂದು ನೋಡಿರಿ. ಆ ದೇಶ ತನ್ನ ಸೈನಿಕನನ್ನು ಏನೆಂದು ತಿಳಿದಿತ್ತೆಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ.